ಪೈಲಟನ ನಿದ್ದೆ, ಪ್ರಯಾಣಿಕರ ಪ್ರಾಣ

ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಿದ್ದೆಗೆ ಹುದ್ದೆಯ ಗೌರವವೂ ತಿಳಿಯದು. ಸಂಡೂರಿನ ಗಣಿಯಿಂದ ಅದಿರು ಹೊತ್ತು ಬರುವ ಲಾರಿಯ ಚಾಲಕನ ಕಣ್ಣನ್ನು ಬೆಳಗಿನ ಜಾವ ಮುಚ್ಚಿಸುವ ನಿದ್ದೆಯೇ, ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ವಿಮಾನ ನಡೆಸುವವನ ಕಣ್ಣನ್ನೂ ಮುಚ್ಚಿಸುತ್ತದೆ. ಒಬ್ಬನಿಗೆ ಟ್ರಿಪ್ಪಿನ ಲೆಕ್ಕದ ಕೂಲಿ, ಇನ್ನೊಬ್ಬನಿಗೆ ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಎಂಬ ಭೇದವನ್ನು ಅದು ಎಣಿಸುವುದಿಲ್ಲ.

2025ರ ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರು, ದಿಲ್ಲಿ, ಮುಂಬಯಿ, ಹೈದರಾಬಾದುಗಳ ವಿಮಾನ ನಿಲ್ದಾಣಗಳಲ್ಲಿ ಜನ ಪೆಟ್ಟಿಗೆಗಳ ಮೇಲೆಯೇ ತಲೆಯಿಟ್ಟು ಮಲಗಿದ್ದ ಚಿತ್ರಗಳನ್ನು ವಾಚಕರು ನೋಡಿದ್ದಾರೆ. ಇಂಡಿಗೋ ಎಂಬ ಒಂದೇ ಕಂಪೆನಿ ಆ ತಿಂಗಳ 3ರಿಂದ 5ರವರೆಗಿನ ಮೂರು ದಿನಗಳಲ್ಲಿ 2,500ಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಪಡಿಸಿತು. ಮೂರು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅತಂತ್ರರಾದರು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಹೆತ್ತವರ ಅಂತ್ಯಕ್ರಿಯೆಗೆ ಹೊರಟವರು ಹೀಗೆ ಸಿಕ್ಕಿಬಿದ್ದಾಗ ಅವರಿಗೆ ಕೋಪ ಬಂದದ್ದು ನ್ಯಾಯವೇ. ಆದರೆ ಆ ಕೋಪದ ದಾರಿ ತಪ್ಪಿಸುವ ಪ್ರಯತ್ನವೂ ಅದೇ ದಿನಗಳಲ್ಲಿ ನಡೆಯಿತು. ಪೈಲಟರಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮವೇ ಈ ಅನಾಹುತಕ್ಕೆಲ್ಲ ಮೂಲವೆಂಬ ಮಾತು ಎಲ್ಲೆಡೆ ಹಬ್ಬಿತು. ಈ ಮಾತು ಸುಳ್ಳೆಂದೂ, ದುಡಿಯುವ ಪ್ರತಿಯೊಬ್ಬನಿಗೂ ಅಪಾಯಕಾರಿಯೆಂದೂ ನಾವು ಹೇಳಬಯಸುತ್ತೇವೆ.

ಮಲಪನಗುಡಿಯಲ್ಲಿ ಕುಳಿತು ವಿಮಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಈ ಊರಿನಲ್ಲಿ ವಿಮಾನ ಹತ್ತಿದವರಿಗಿಂತ ಹತ್ತದವರೇ ಹೆಚ್ಚು. ಆದರೆ ತೋರಣಗಲ್ಲಿನ ಬಳಿ, ವಿದ್ಯಾನಗರದಲ್ಲಿ ವಿಮಾನ ನಿಲ್ದಾಣವಿದೆ. 2017ರಲ್ಲಿ ಉಡಾನ್ ಯೋಜನೆಯಡಿ ಅಲ್ಲಿಂದ ಬೆಂಗಳೂರಿಗೂ ಹೈದರಾಬಾದಿಗೂ ಸಾರ್ವಜನಿಕ ವಿಮಾನಗಳು ಹಾರತೊಡಗಿದವು. ಹೊಟ್ಟೆಪಾಡಿಗಾಗಿ ಕೊಲ್ಲಿ ದೇಶಗಳಿಗೆ ಹೋದ ಕನ್ನಡಿಗರೆಲ್ಲ ವಿಮಾನದಲ್ಲೇ ಹೋಗಿ ಬರಬೇಕು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನಿಗೂ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೂ, ಹೊಸಪೇಟೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಓಡಿಸುವವನಿಗೂ, ವಿಮಾನದ ಪೈಲಟನಿಗೂ ವಿಶ್ರಾಂತಿಯ ಪ್ರಶ್ನೆ ಒಂದೇ. ಪೈಲಟನ ವಿಷಯದಲ್ಲಿ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ಉಳಿದವರ ವಿಷಯದಲ್ಲಿ ಕಾಣದೆ ಹೋಗುತ್ತದೆ. ಭೇದ ಅಷ್ಟೇ.

ಕರ್ನಾಟಕದ ಜನ ಮರೆಯಬಾರದ ಒಂದು ಬೆಳಗಿನಿಂದ ಈ ವಿಚಾರ ಆರಂಭಿಸೋಣ. 2010ರ ಮೇ 22ರಂದು ಬೆಳಗಿನ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದವರು 166 ಮಂದಿ, ಸತ್ತವರು 158, ಉಳಿದವರು ಎಂಟೇ ಮಂದಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಂದು ಒಲೆ ಹತ್ತಲಿಲ್ಲ. ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಬೇಕಾಯಿತು.

ವಿಮಾನ ಹಳೆಯದೂ ಅಲ್ಲ, ಎಂಜಿನು ಕೆಟ್ಟದ್ದೂ ಅಲ್ಲ. ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವವಿದ್ದವರು. ಹಾಗಿದ್ದರೂ ಅಪಘಾತವೇಕೆ ಆಯಿತು? ಏರ್ ಮಾರ್ಷಲ್ ಭೂಷಣ್ ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯನ್ನು ಕೇಳಿತು. ಅದರಲ್ಲಿ ಉಳಿದಿದ್ದದ್ದು ಕೊನೆಯ 2 ಗಂಟೆ 5 ನಿಮಿಷಗಳ ಧ್ವನಿ. ಅದರ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟರ ನಡುವೆ ಮಾತೇ ಇರಲಿಲ್ಲ. ಕೇಳಿಬಂದದ್ದು ಕ್ಯಾಪ್ಟನ್ ಅವರ ಗೊರಕೆ ಮತ್ತು ಭಾರವಾದ ಉಸಿರು.

ಗಾಢ ನಿದ್ದೆಯಿಂದ ಎದ್ದವನ ಬುದ್ಧಿ ಸ್ವಲ್ಪ ಹೊತ್ತು ಮಂಪರಿನಲ್ಲೇ ಇರುತ್ತದೆ. ಬೆಳಗಿನ ಜಾವದ ನಿದ್ದೆಯಿಂದ ಯಾರನ್ನಾದರೂ ಎಬ್ಬಿಸಿ ಲೆಕ್ಕ ಕೇಳಿ ನೋಡಿ. ಆ ಮಂಪರಿನಲ್ಲೇ ವಿಮಾನ ಇಳಿಸುವ ಕೆಲಸ ನಡೆಯಿತು. ಅದು ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡರಷ್ಟು ಎತ್ತರದಲ್ಲಿತ್ತು. ಮಂಗಳೂರಿನ ರಾಡಾರು ಆ ದಿನಗಳಲ್ಲಿ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ದೊರೆತದ್ದೂ ಎಂದಿಗಿಂತ ತಡವಾಗಿ. ಇಳಿಸಬೇಡಿ, ಮತ್ತೊಂದು ಸುತ್ತು ಹೋಗೋಣ ಎಂದು ಸಹ-ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ತಲೆಯ ಮೇಲೆ ಕಟ್ಟಿದ ಆ ನಿಲ್ದಾಣದಲ್ಲಿ ಮುಂದೆ ಉಳಿದದ್ದು ಕಣಿವೆ. ಕ್ಯಾಪ್ಟನ್ ಅವರ ದೀರ್ಘ ನಿದ್ದೆ ಮತ್ತು ಅದರಿಂದ ಮಂಕಾದ ವಿವೇಚನೆ ಈ ದುರಂತಕ್ಕೆ ಒದಗಿದ ಕಾರಣಗಳಲ್ಲೊಂದೆಂದು ವರದಿ ಹೇಳಿತು.

ಕ್ಯಾಪ್ಟನ್ ಕೂಡ ಅಲ್ಲಿಯೇ ಸತ್ತರು. ಸತ್ತವರ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಅಂದಿನ ನಿಯಮದ ಪ್ರಕಾರ ಅವರಿಗೆ ದೊರೆಯಬೇಕಾದ ವಿಶ್ರಾಂತಿ ದೊರೆತಿತ್ತು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ವಿಮಾನ ಒಯ್ದು, ಅಲ್ಲಿ ಮಲಗದೆ, ನಮ್ಮ ಗಡಿಯಾರದ ರಾತ್ರಿ ಎರಡೂವರೆಯ ಸುಮಾರಿಗೆ ಅದೇ ತಂಡ ಮರಳಿ ಹೊರಟಿತು. ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಕಾನೂನು ಗಂಟೆಗಳನ್ನು ಎಣಿಸಿತ್ತು, ಆ ಗಂಟೆಗಳು ದಿನದ ಯಾವ ಹೊತ್ತಿನವು ಎಂಬುದನ್ನು ಸಾಕಷ್ಟು ಗಮನಿಸಿರಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಕಂಪೆನಿ ಅಂದು ಸರಕಾರದ ಒಡೆತನದಲ್ಲೇ ಇತ್ತು. ಮಾಲೀಕನ ಕುರ್ಚಿಯಲ್ಲಿ ಸರಕಾರ ಕುಳಿತ ಮಾತ್ರಕ್ಕೆ ದುಡಿಯುವವನಿಗೆ ನಿದ್ದೆ ಬಂದುಬಿಡುವುದಿಲ್ಲ. ಅದನ್ನು ನಿಯಮದಲ್ಲಿ ಬರೆದು, ನಿಯಮವನ್ನು ನಡೆಸಿ ತೋರಿಸಬೇಕು.

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ದೇಹ ತನ್ನ ತಗ್ಗಿನಲ್ಲಿರುತ್ತದೆ. ಮೈಯ ಕಾವು ಇಳಿಯುತ್ತದೆ, ಕಣ್ಣು ಎಳೆಯುತ್ತದೆ, ಕೈ ನಿಧಾನವಾಗುತ್ತದೆ. ಇದನ್ನು ರಾತ್ರಿ ಪಾಳಿ ಮಾಡಿದವರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ನಿದ್ದೆ ಎಲ್ಲಿ? ತಗಡಿನ ಮಾಡು, ನಮ್ಮ ಸೀಮೆಯ ಬಿಸಿಲು, ಮಕ್ಕಳ ಗಲಾಟೆ, ಬೀದಿಯ ಧ್ವನಿವರ್ಧಕ. ಎಂಟು ಗಂಟೆ ರಜ ಸಿಕ್ಕರೂ ನಾಲ್ಕು ಗಂಟೆ ನಿದ್ದೆಯಾಗುವುದಿಲ್ಲ. ವಿಶ್ರಾಂತಿ ಎಂದು ರಿಜಿಸ್ಟರಿನಲ್ಲಿ ಬರೆದದ್ದಕ್ಕೂ ನಿಜವಾದ ನಿದ್ದೆಗೂ ಇರುವ ಅಂತರ ಇದೇ.

1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕೈ-ಕಣ್ಣುಗಳ ಹೊಂದಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ಇಪ್ಪತ್ನಾಲ್ಕು ಗಂಟೆ ಎಚ್ಚರವಿದ್ದರೆ ಅದು ಶೇಕಡಾ 0.10ಕ್ಕೆ ಸಮ. ನಮ್ಮ ದೇಶದಲ್ಲಿ ವಾಹನ ಚಾಲಕನಿಗೆ ವಿಧಿಸಿದ ಮಿತಿ ಶೇಕಡಾ 0.03. ಅಂದರೆ ಒಂದು ಹಗಲು ಒಂದು ರಾತ್ರಿ ನಿದ್ದೆಗೆಟ್ಟವನು ಕುಡಿಯದೆಯೇ ಕಾನೂನಿನ ಮಿತಿಯ ಮೂರು ಪಟ್ಟು ಕುಡಿದವನಂತಾಗಿರುತ್ತಾನೆ. ಕುಡಿದವನನ್ನು ಹಿಡಿಯಲು ಪೊಲೀಸರ ಬಳಿ ಯಂತ್ರವಿದೆ. ಹಾರಾಟಕ್ಕೆ ಮುನ್ನ ಪೈಲಟನ ಉಸಿರನ್ನೂ ಪರೀಕ್ಷಿಸುತ್ತಾರೆ. ನಿದ್ದೆಗೆಟ್ಟವನನ್ನು ಹಾಗೆ ಊದಿಸಿ ಹಿಡಿಯಲಾಗದು. ತಾನು ಎಷ್ಟು ದಣಿದಿದ್ದೇನೆಂಬುದು ದಣಿದವನಿಗೂ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿರುವ ಕಾವಲು ಒಂದೇ, ಕೆಲಸದ ಹೊತ್ತಿಗೆ ಮುಂಚಿತವಾಗಿಯೇ ಹಾಕಿದ ಗಡಿ.

ಇದು ನಮ್ಮ ದೇಶಕ್ಕಷ್ಟೇ ಸೇರಿದ ಕಥೆಯಲ್ಲ. 2024ರ ಜನವರಿ 25ರಂದು ಇಂಡೋನೇಷ್ಯಾದ ಬಾಟಿಕ್ ಏರ್ ಕಂಪೆನಿಯ ವಿಮಾನವೊಂದರಲ್ಲಿ ಇಬ್ಬರು ಪೈಲಟರೂ ಒಟ್ಟಿಗೆ 28 ನಿಮಿಷ ನಿದ್ದೆ ಹೋದರು. ವಿಮಾನದಲ್ಲಿ 153 ಪ್ರಯಾಣಿಕರಿದ್ದರು. ಸಹ-ಪೈಲಟನ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳು. ಹೆಂಡತಿಯೊಡನೆ ಮಕ್ಕಳನ್ನು ನೋಡಿಕೊಂಡು, ನಿದ್ದೆ ಸಾಲದೆ ಕೆಲಸಕ್ಕೆ ಬಂದಿದ್ದ ತಂದೆ ಅವನು. ಆ ವಿಮಾನ ದೈವವಶಾತ್ ಕ್ಷೇಮವಾಗಿ ಇಳಿಯಿತು. 2009ರ ಫೆಬ್ರವರಿ 12ರಂದು ಅಮೆರಿಕೆಯ ಬಫಲೋ ನಗರದ ಬಳಿ ಬಿದ್ದ ಕೋಲ್ಗನ್ ಏರ್ ವಿಮಾನಕ್ಕೆ ಆ ಅದೃಷ್ಟವಿರಲಿಲ್ಲ. ಅಲ್ಲಿ 50 ಮಂದಿ ಸತ್ತರು. ಅಲ್ಪ ಸಂಬಳದ ಸಹ-ಪೈಲಟ್ ದೇಶದ ಇನ್ನೊಂದು ತುದಿಯಲ್ಲಿದ್ದ ತನ್ನ ಮನೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದಳು. ಸತ್ತವರ ಮನೆಯವರು ವರ್ಷಗಟ್ಟಲೆ ಸರಕಾರದ ಬಾಗಿಲು ಬಡಿದ ಮೇಲೆ 2014ರಿಂದ ಅಮೆರಿಕೆಯಲ್ಲಿ ಹೊಸ ವಿಶ್ರಾಂತಿ ನಿಯಮ ಜಾರಿಗೆ ಬಂತು. ಆದರೆ ಸರಕು ಸಾಗಿಸುವ ವಿಮಾನಗಳ ಪೈಲಟರನ್ನು ಖರ್ಚಿನ ನೆಪ ಹೇಳಿ ಅದರಿಂದ ಹೊರಗಿಟ್ಟರು. ಸರಕಿನ ವಿಮಾನ ನಡೆಸುವವನ ದೇಹ ಬೇರೆ ಮಣ್ಣಿನಿಂದ ಆದದ್ದೇ ಎಂದು ನಾವು ಕೇಳಬೇಕಾಗುತ್ತದೆ.

ನಮ್ಮ ದಾರಿಗೇ ಬರೋಣ. ಮಂಗಳೂರಿನ ದುರಂತಕ್ಕೆ ಸರಿಯಾಗಿ ಎರಡು ವರ್ಷ ತುಂಬಿದ ದಿನ, 2012ರ ಮೇ 22ರಂದು, ನಮ್ಮ ಹೊಸಪೇಟೆಯ ಮೇಲೆಯೇ ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರೈಲು ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ಸರಕು ರೈಲಿಗೆ ಬಡಿಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಡಿಯಾರದಲ್ಲಿ ಆಗ ರಾತ್ರಿ ಮೂರು ದಾಟಿತ್ತು. ಅದೇ ಹೊತ್ತು, ದೇಹದ ಅದೇ ತಗ್ಗು. ಆ ಹೊತ್ತಿನಲ್ಲಿ ಎಂಜಿನಿನಲ್ಲಿ, ಸ್ಟೀರಿಂಗಿನ ಹಿಂದೆ, ಕುಲುಮೆಯ ಮುಂದೆ ನಿಂತವರನ್ನು ಹಗಲಿನವರಂತೆಯೇ ಎಣಿಸುವ ಲೆಕ್ಕ ಮನುಷ್ಯರ ಲೆಕ್ಕವಲ್ಲ.

ಈಗ ಡಿಸೆಂಬರಿನ ಗೊಂದಲಕ್ಕೆ ಮರಳೋಣ. ವಿಶ್ರಾಂತಿಯ ಹೊಸ ನಿಯಮ ರಾತ್ರೋರಾತ್ರಿ ಬಂದದ್ದೇ? ಇಲ್ಲ. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಅದನ್ನು 2024ರ ಜನವರಿಯಲ್ಲೇ ಹೊರಡಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು. ರಾತ್ರಿ ಎಂದರೆ ಹನ್ನೆರಡರಿಂದ ಐದರವರೆಗಲ್ಲ, ಆರರವರೆಗೆ ಎಂದು ಎಣಿಸಬೇಕು. ರಾತ್ರಿಯ ಹೊತ್ತು ಆರು ಸಲ ವಿಮಾನ ಇಳಿಸಬಹುದಾಗಿದ್ದುದು ಎರಡೇ ಸಲಕ್ಕೆ ಇಳಿಯಬೇಕು. ಇದು ಆ ನಿಯಮದ ತಿರುಳು. 2024ರ ಜೂನ್ 1ರಿಂದ ಅದು ನಡೆಯಬೇಕಿತ್ತು. ಕಂಪೆನಿಗಳು ಅಡ್ಡಬಂದವು, ನಿಯಮವನ್ನು ತಡೆಹಿಡಿಯಲಾಯಿತು. ಪೈಲಟರ ಸಂಘಗಳು ದಿಲ್ಲಿಯ ಹೈಕೋರ್ಟಿನಲ್ಲಿ ಹೋರಾಡಿದ ಫಲವಾಗಿ 2025ರ ಜುಲೈ 1ರಂದು ಒಂದು ಭಾಗ, ನವೆಂಬರ್ 1ರಂದು ಉಳಿದ ಭಾಗ ಜಾರಿಗೆ ಬಂದವು. ಹೊರಡಿಸಿದ ದಿನದಿಂದ ಪೂರ್ತಿ ಜಾರಿಯಾಗುವವರೆಗೆ ಸುಮಾರು ಇಪ್ಪತ್ತೆರಡು ತಿಂಗಳು! ಇಷ್ಟು ಕಾಲದಲ್ಲಿ ಬೇಕಾದಷ್ಟು ಪೈಲಟರನ್ನು ನೇಮಿಸಿ ತರಬೇತಿ ಕೊಡಲಾಗದಷ್ಟು ಬಡತನ ಕಂಪೆನಿಗೆ ಇತ್ತೇ? 2024-25ನೆಯ ವರ್ಷದಲ್ಲಿ ಇಂಡಿಗೋ ಗಳಿಸಿದ ನಿವ್ವಳ ಲಾಭ 7,200 ಕೋಟಿ ರೂಪಾಯಿಗೂ ಮೇಲ್ಪಟ್ಟದ್ದು. ನಮ್ಮ ಸಂತೆಯಲ್ಲಿ ತರಕಾರಿ ಮಾರುವವಳೂ ಜಾತ್ರೆ ಬರುವುದನ್ನು ತಿಂಗಳು ಮೊದಲೇ ತಿಳಿದು ಸರಕು ಕೂಡಿಡುತ್ತಾಳೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಜನ ಸಿಕ್ಕಿಬಿದ್ದು ಗೋಳಿಡುತ್ತಿದ್ದಾಗ, ಡಿಸೆಂಬರ್ 5ರಂದು, ಸರಕಾರ ನಿಯಮವನ್ನೇ ಸಡಿಲಿಸಿತು. ರಾತ್ರಿ ಕೆಲಸದ ಮಿತಿಗಳಿಂದ ಆ ಕಂಪೆನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಪೈಲಟನು ಪಡೆದ ರಜೆಯನ್ನು ಅವನ ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯಬಾರದೆಂಬ ಷರತ್ತನ್ನು ಎಲ್ಲ ಕಂಪೆನಿಗಳಿಗೂ ಅನ್ವಯಿಸುವಂತೆ ಹಿಂತೆಗೆದುಕೊಂಡಿತು. 2026ರ ಜನವರಿಯಲ್ಲಿ ಕಂಪೆನಿಗೆ 22 ಕೋಟಿ 20 ಲಕ್ಷ ರೂಪಾಯಿ ದಂಡ ಹಾಕಿದರು. 7,200 ಕೋಟಿ ಗಳಿಸುವವನಿಗೆ 22 ಕೋಟಿ ಎಂದರೆ ಏನು? ಸಾವಿರ ರೂಪಾಯಿ ಲಾಭ ಮಾಡುವ ಅಂಗಡಿಯವನಿಗೆ ಮೂರು ರೂಪಾಯಿ ದಂಡ ಹಾಕಿದಂತೆ. ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಬಂದರೆ ನಮ್ಮ ಸಣ್ಣ ವರ್ತಕ ಕಟ್ಟುವ ದಂಡ ಇದಕ್ಕಿಂತ ಭಾರವಾಗಿರುತ್ತದೆ.

ಇದರಲ್ಲಿ ಎಲ್ಲ ಮಾಲೀಕರಿಗೂ ಒಂದು ಪಾಠ ಸಿಕ್ಕಿತು ಎಂಬುದೇ ನಮ್ಮ ಭಯ. ನಿಯಮಕ್ಕೆ ಸಿದ್ಧನಾಗದಿದ್ದರೂ ನಡೆಯುತ್ತದೆ. ಜನರಿಗೆ ಸಾಕಷ್ಟು ತೊಂದರೆಯಾದರೆ ನಿಯಮವೇ ಬಾಗುತ್ತದೆ. ಪ್ರಯಾಣಿಕನ ಸಂಕಟವನ್ನು ಮುಂದಿಟ್ಟು ಪೈಲಟನ ನಿದ್ದೆ ಕಸಿಯುವುದು, ಗ್ರಾಹಕನ ಹೆಸರಿನಲ್ಲಿ ಕಾರ್ಮಿಕನ ರಜೆ ಕಸಿಯುವುದು, ಇವೆಲ್ಲ ಒಂದೇ ದಾರಿಯವು. ಆದರೆ ಪ್ರಯಾಣಿಕನಿಗೆ ಬೇಕಾದದ್ದೇನು? ಹೊತ್ತಿಗೆ ಸರಿಯಾಗಿ ಹೊರಡಬೇಕೆಂಬುದು ನಿಜ. ಜೀವಂತವಾಗಿ ತಲುಪಬೇಕೆಂಬುದು ಅದಕ್ಕಿಂತ ದೊಡ್ಡ ನಿಜ. ಪೈಲಟನ ಹಿತವೂ ಪ್ರಯಾಣಿಕನ ಹಿತವೂ ಒಂದೇ ವಿಮಾನದಲ್ಲಿ ಕುಳಿತಿವೆ.

ನಮ್ಮ ವರ್ತಕ ಬಂಧುಗಳು ಒಂದು ಆಕ್ಷೇಪಣೆ ಎತ್ತಬಹುದು. ವಿಶ್ರಾಂತಿ ಹೆಚ್ಚಿದರೆ ಆಳು ಹೆಚ್ಚು ಬೇಕು, ಆಳು ಹೆಚ್ಚಿದರೆ ಟಿಕೆಟ್ಟಿನ ದರ, ಲಾರಿ ಬಾಡಿಗೆ, ಸರಕಿನ ಬೆಲೆ ಏರುವುದಿಲ್ಲವೇ? ಸ್ವಲ್ಪ ಏರಬಹುದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂದಿನ ಅಗ್ಗದ ದರದಲ್ಲಿ ಒಂದು ಪಾಲು ಇನ್ನೊಬ್ಬನ ನಿದ್ದೆಯಿಂದ ತೆಗೆದದ್ದು. ಆ ಸಾಲ ಒಂದು ದಿನ ಬಜಪೆಯ ಕಣಿವೆಯಲ್ಲೋ, ಹೆದ್ದಾರಿಯ ತಿರುವಿನಲ್ಲೋ ಬಡ್ಡಿಸಮೇತ ವಸೂಲಾಗುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟ ಚಾಲಕ ಲಾರಿ ಪಲ್ಟಿ ಮಾಡಿದರೆ ಹೋಗುವುದು ಅವನ ಪ್ರಾಣದ ಜೊತೆಗೆ ನಿಮ್ಮ ಸರಕೂ ಹೌದು.

ಕಾರ್ಮಿಕ ಬಂಧುಗಳಿಗೂ ಒಂದು ಕಹಿ ಮಾತು ಹೇಳಬೇಕಾಗಿದೆ. ಓ.ಟಿ. ಸಿಕ್ಕರೆ ಸಾಕೆಂದು ಎರಡು ಪಾಳಿ ಒಟ್ಟಿಗೆ ಮಾಡುವವರು ನಮ್ಮಲ್ಲಿದ್ದಾರೆ. ಮಗಳ ಮದುವೆ, ಸಂಘದ ಕಂತು, ಮಗನ ಕಾಲೇಜಿನ ಶುಲ್ಕ ಇವು ನಮಗೂ ಗೊತ್ತಿವೆ. ಎಂಟು ಗಂಟೆಯ ಕೂಲಿಯಲ್ಲಿ ಸಂಸಾರ ನಡೆಯದ್ದರಿಂದಲೇ ಜನ ಹದಿನಾರು ಗಂಟೆ ದುಡಿಯಲು ಒಪ್ಪುತ್ತಾರೆ. ಹೀಗೆ ಒಪ್ಪಿದ್ದನ್ನೇ ಮಾಲೀಕ ಸಮ್ಮತಿ ಎಂದು ಬರೆದುಕೊಳ್ಳುತ್ತಾನೆ. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ಕಾರ್ಮಿಕನ ಒಪ್ಪಿಗೆಯ ಮೇಲೆ, ದಿನಕ್ಕೆ ಹನ್ನೆರಡು ಗಂಟೆ ದುಡಿಸಬಹುದೆಂದಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓ.ಟಿ. ಮಿತಿಯನ್ನು 144 ಗಂಟೆಗೆ ಏರಿಸಿತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಸ್ಥಾನದಲ್ಲಿ ಕೇಂದ್ರದ ಕಾರ್ಮಿಕ ಸಂಹಿತೆಗಳು ಬಂದಿವೆ. ಹೊಸ ಸಂಹಿತೆಗಳಡಿ ಕೆಲಸದ ಹೊತ್ತನ್ನು ಎಲ್ಲಿಗೆ ಎಳೆಯುತ್ತಾರೆಂಬುದನ್ನು ಎಚ್ಚರದಿಂದ ನೋಡಬೇಕಾದ ಕಾಲವಿದು. ಹನ್ನೊಂದನೆಯ ಗಂಟೆಯಲ್ಲಿ ಕ್ರೇನು ನಡೆಸುವವನ ಕಣ್ಣು ಎಳೆದರೆ ಕೆಳಗೆ ನಿಂತವನಿಗೆ ಸಮ್ಮತಿ ಪತ್ರ ಕೊಡೆ ಹಿಡಿಯುವುದಿಲ್ಲ.

ನಾವು ಒತ್ತಾಯಿಸುವುದು ಇಷ್ಟು.

ಪೈಲಟರ ವಿಶ್ರಾಂತಿಯ ನಿಯಮದಿಂದ ಯಾವ ಕಂಪೆನಿಗೂ ವಿನಾಯಿತಿ ಕೊಡಕೂಡದು. 2025ರ ಡಿಸೆಂಬರ್ 5ರಂದು ಹಿಂತೆಗೆದ ಷರತ್ತನ್ನು ಮತ್ತೆ ಹಾಕಬೇಕು. ರಜೆ ಬೇರೆ, ವಾರದ ವಿಶ್ರಾಂತಿ ಬೇರೆ.

ಪೈಲಟರು ಸಾಕಷ್ಟು ಇದ್ದಾರೆಂದು ತೋರಿಸಿದ ಮೇಲೆಯೇ ಕಂಪೆನಿಗೆ ಹೊಸ ಹಾರಾಟಗಳ ಅನುಮತಿ ಕೊಡಬೇಕು. ಇಲ್ಲದಿದ್ದರೆ ಟಿಕೆಟ್ಟು ಮಾರುವುದನ್ನೇ ತಡೆಯಬೇಕು.

ದಣಿದಿದ್ದೇನೆ, ಇಂದು ಹಾರಿಸಲಾರೆ ಎಂದು ಹೇಳಿದ ಪೈಲಟನಿಗೆ ಶಿಕ್ಷೆಯಾಗಬಾರದು. ಎಷ್ಟು ಮಂದಿ ಹಾಗೆ ಹೇಳಿದರು, ಕಂಪೆನಿ ಏನು ಮಾಡಿತು ಎಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಹಿರಿಯ ತಪ್ಪಿದಾಗ ಕಿರಿಯನು ಕೈ ಹಾಕಿ ತಡೆಯುವ ಹಕ್ಕನ್ನು ತರಬೇತಿಯಲ್ಲೇ ಮನಗಾಣಿಸಬೇಕು. ಮಂಗಳೂರಿನಲ್ಲಿ ಸಹ-ಪೈಲಟನ ಮೂರು ಮಾತುಗಳು ವ್ಯರ್ಥವಾದದ್ದನ್ನು ಮರೆಯಬಾರದು.

ಇದೇ ಅಳತೆ ನೆಲದ ಮೇಲೂ ನಡೆಯಬೇಕು. ದೂರದ ರಾತ್ರಿ ಬಸ್ಸಿಗೆ, ಲಾರಿಗೆ ಇಬ್ಬರು ಚಾಲಕರಿರಬೇಕು. ಡಿಪೋಗಳಲ್ಲೂ ಅದಿರು ಸಾಗಣೆಯ ದಾರಿಯಲ್ಲೂ ಚಾಲಕರು ಕಾಲು ಚಾಚಿ ಮಲಗುವಂಥ ಕೋಣೆಗಳಿರಬೇಕು. ರೈಲಿನ ಚಾಲಕರಿಗೆ ಸಾಲು ಸಾಲಾಗಿ ರಾತ್ರಿ ಕೆಲಸ ಹಚ್ಚುವುದು ನಿಲ್ಲಬೇಕು. ಕಾರ್ಖಾನೆಗಳಲ್ಲಿ ಒಪ್ಪಿಗೆಯ ಹೆಸರಿನ ಹನ್ನೆರಡು ಗಂಟೆ ಪಾಳಿ ಬೇಡ, ಎಂಟು ಗಂಟೆಗೇ ಬದುಕುವ ಕೂಲಿ ಕೊಡಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಹಂಪಿಯ ಮಗ್ಗುಲಲ್ಲಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲಿ 158 ಮಂದಿ ಸತ್ತ ಮೇಲೆ ಈ ಹೊಸ ನಿಯಮ ಪೂರ್ತಿಯಾಗಿ ಜಾರಿಗೆ ಬರಲು ಹದಿನೈದು ವರ್ಷಗಳಾದವು. ಬಂದ ಐದೇ ವಾರದಲ್ಲಿ ಅದನ್ನು ಸಡಿಲಿಸಿದರು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆತ್ತಿಕೊಂಡು, ಠರಾವು ಮಾಡಿ, ನಮ್ಮ ಲೋಕಸಭಾ ಸದಸ್ಯರಿಗೂ ಶಾಸಕರಿಗೂ ಕಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ಠರಾವಿನ ಮೊದಲ ಸಾಲಿನಲ್ಲಿ ಪೈಲಟನ ಹೆಸರಿರಲಿ, ಎರಡನೆಯ ಸಾಲಿನಲ್ಲಿ ಲಾರಿ ಚಾಲಕನದು, ಮೂರನೆಯ ಸಾಲಿನಲ್ಲಿ ರಾತ್ರಿ ಪಾಳಿಯವನದು.